ಮಂಗಳವಾಗದ ಪುಟ

ಜಿನವಾಣಿಗೆ ಮೊದಲ ವಂದನೆ. ಅದನ್ನು ಕಂಠದಲ್ಲಿ ಕಾಪಾಡಿಕೊಂಡು ಬಂದ ತಾಯಂದಿರಿಗೂ, ಕೇಳಿದವರಿಗೆಲ್ಲ ನಕಲು ಮಾಡಿಕೊಟ್ಟ ಹೆಸರಿಲ್ಲದ ಲಿಪಿಕಾರರಿಗೂ ಕೃತಜ್ಞನಾಗಿ ಇದನ್ನು ಬರೆಯುತ್ತೇನೆ.

ಬನಹಟ್ಟಿಯ ನಮ್ಮ ಮನೆಯಲ್ಲಿ, ಓದಲು ತೆರೆದ ಗ್ರಂಥವನ್ನು ಮಂಗಳ ಹಾಡುವ ಮುನ್ನ ಬಟ್ಟೆಯಲ್ಲಿ ಕಟ್ಟಿಡುವ ರೂಢಿಯಿಲ್ಲ. ನನ್ನ ಅಕ್ಕ ಹೇಳಿದ ವ್ರತದ ಹಾಡನ್ನು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವಾಗಲೂ ಅದನ್ನೇ ಪಾಲಿಸಿದೆ. ಹಾಡುಗಳನ್ನು ಸಂಗ್ರಹಿಸುವ ಜಾಲತಾಣವೊಂದರ ಪುಟದಲ್ಲಿ ದಿನಕ್ಕಿಷ್ಟು ಸಾಲು ತುಂಬುತ್ತ ಹೋದೆ. ಮಂಗಳ ಬಾಕಿಯಿದ್ದುದರಿಂದ ಕಳುಹಿಸುವ ಗುಂಡಿ ಒತ್ತಲಿಲ್ಲ. ಪುಟ ಮುಚ್ಚಲೂ ಇಲ್ಲ. ಮಂಗಳದ ಆ ಕೊನೆಯ ನಾಲ್ಕು ಸಾಲು ಉಳಿದಿರುವಾಗ ಅಕ್ಕನಿಗೆ ಲಕ್ವ ಹೊಡೆದು ಮಾತು ನಿಂತಿತು. ಆ ಹಾಡು ಬೇರೆ ಯಾರಿಗೂ ಬಾರದು.

ಹದಿನೈದು ದಿನಗಳ ಬಳಿಕ ಒಂದು ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕರೆಂಟ್ ಹೋಗಿತ್ತು. ಕಂಪ್ಯೂಟರನ್ನು ಕಾಯುತ್ತಿದ್ದ ಬ್ಯಾಟರಿಯೂ ಅಂದೇ ಕೈಕೊಟ್ಟಿತು. ಕಪ್ಪಾದ ಪರದೆಯಲ್ಲಿ ನನ್ನ ಮುಖವಷ್ಟೇ ಕಂಡಿತು. ಮಂಚದ ಮೇಲಿನಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳತ್ತ ತಿರುಗುವ ಧೈರ್ಯವಾಗಲಿಲ್ಲ.

ಬ್ಯಾಂಕಿಗೆ ರಜೆಯಿದ್ದುದರಿಂದ ಮನೆಯಲ್ಲಿದ್ದ ಸೊಸೆ ಓಡಿಬಂದಳು.

"ಮಾಮಾರ, ಬರದದ್ದು ಉಳಿಸೀರಿಲ್ಲೋ?"

"ಮಂಗಳಾ ಆಗದ ಹ್ಯಾಂಗ ಕಟ್ಟಿಡ್ಲಿ, ತಂಗಿ?"

"ಅಯ್ಯ, ಅದೇನ್ ಪೋಥಿ ಐತೇನ್ರಿ, ಅರಿವ್ಯಾಗ ಕಟ್ಟಾಕ!" ನಕ್ಕವಳು ನನ್ನ ಮುಖ ನೋಡಿ ಕಂಪ್ಯೂಟರಿನ ಬಳಿ ಬಂದು ಕುಳಿತಳು. "ಅಂಜಬ್ಯಾಡ್ರಿ. ಈ ಬ್ರೌಸರ್ ತೆರೆದ ಪುಟ ನೆನಪಿಟ್ಟಿರ್ತೈತಿ. ಆದ್ರ ಬರದದ್ದೆಲ್ಲಾ ಬರ್ತೈತಿ ಅಂತ ಖಾತ್ರಿ ಹೇಳಾಕ ಆಗೂದಿಲ್ರಿ."

ಕಾಯುವಾಗ ನನ್ನ ಮನಸ್ಸನ್ನು ಬೇರೆಡೆ ಹರಿಸಲೆಂದು ಅವಳು ಆ ಬ್ರೌಸರಿನ ಹುಟ್ಟನ್ನು ಹೇಳಿದಳು. ಪೈಪೋಟಿಯಲ್ಲಿ ಸೋಲುತ್ತಿದ್ದ ಕಂಪನಿಯೊಂದು ತನ್ನ ಬ್ರೌಸರಿನ ಒಳಬರಹವನ್ನೆಲ್ಲ, ಅಂದರೆ ಸೋರ್ಸ್ ಕೋಡನ್ನೆಲ್ಲ, ಲೋಕಕ್ಕೆ ತೆರೆದಿಟ್ಟಿತಂತೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲಿಸಿ ಹಂಚಬಹುದು. ಎಲ್ಲೆಲ್ಲಿಯೋ ಇದ್ದವರು ಸೇರಿ ಅದರಿಂದ ಹಗುರವಾದ ಈ ಬ್ರೌಸರನ್ನು ಕಟ್ಟಿದರು, ನಾವು ಓದುವುದನ್ನು ಹಿಂದಿನಿಂದ ಇಣುಕುವವರಿಗೆ ತಡೆಯೊಡ್ಡಿದರು, ಕನ್ನಡಕ್ಕೂ ತಂದರು. ಇದು ಗ್ರಂಥ ನಕಲಿಸಿ ಹಂಚುವ ನಮ್ಮ ಶಾಸ್ತ್ರದಾನವಲ್ಲದೆ ಮತ್ತೇನು ಎಂದುಕೊಂಡೆ. ಆದರೂ ಭಯ ಇಳಿಯಲಿಲ್ಲ. ಅಕ್ಕನ ಕಂಠದ ಕೊನೆಯ ಕುರುಹನ್ನು ನನ್ನ ನಿಷ್ಠೆಯೇ ಅಳಿಸಿತೇ?

ಮಗ್ಗಗಳು ಮತ್ತೆ ಸದ್ದು ಮಾಡಿದವು. ಪರದೆ ಬೆಳಗಿತು. ಹಿಂದಿನ ಪುಟಗಳನ್ನು ಮರಳಿ ತರಲೇ ಎಂದು ಬ್ರೌಸರ್ ಕೇಳಿತು. ಒತ್ತಲು ಬೆರಳು ಏಳಲಿಲ್ಲ. ಪಂಚನಮಸ್ಕಾರ ಮಂತ್ರ ಹೇಳಿಕೊಂಡು ಒತ್ತಿದೆ. ಪುಟ ಬಂದಿತು, ಬಿಳಿಯಾಗಿ. ಬಳಿಕ ಮೊದಲ ಸಾಲು ಕಂಡಿತು; ಕೆಳಗೆ ಸರಿಸಿದಷ್ಟೂ ಹಾಡು.

ಗಟ್ಟಿಯಾಗಿ ಓದಿದೆ. ಅಕ್ಕನ ಎಡಗೈ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕಿತು. ಮಂಗಳದ ಜಾಗಕ್ಕೆ ಬಂದಾಗ ನಾನೂ ನಿಂತೆ, ಬೆರಳೂ ನಿಂತಿತು.

"ಅಕ್ಕಾ, ಹಿಂಗ ಕಳಸ್ಲಿ?"

ಬಹಳ ಹೊತ್ತು ತುಟಿ ಅಲುಗಿಸಿ, ಲಕ್ವದ ಬಳಿಕ ಮೊದಲ ಬಾರಿಗೆ, "ಕಳ...ಸು," ಎಂದಳು.

ಕಳುಹಿಸಿದೆ. ಆ ನಾಲ್ಕು ಸಾಲು ನನ್ನಲ್ಲಿಲ್ಲ. ಅವುಗಳ ಬದಲಿಗೆ ಇಷ್ಟನ್ನೇ ಹೇಳುತ್ತೇನೆ. ಹಾಡಿದ ಅಕ್ಕನಿಗೆ, ಧೈರ್ಯ ಹೇಳಿದ ಸೊಸೆಗೆ, ಬಚ್ಚಿಡದೆ ಬರೆದು ಲೋಕಕ್ಕೆ ಕೊಟ್ಟ ಆ ಕಾಣದ ಕೈಗಳಿಗೆಲ್ಲ ಮಂಗಳವಾಗಲಿ.