ನೆರಳಿಲ್ಲದ ಆನೆ

ಇಲ್ಲಿ ಆನೆಗೆ ನೆರಳಿಲ್ಲ. ಕಾಫಿ ಗಿಡದ ಮೇಲೆ ಸಿಲ್ವರ್ ಮರ, ಅದರ ಮೇಲೆ ಮೋಡ. ನೆಲವೆಲ್ಲ ಒಂದೇ ನೆರಳು. ಅದರೊಳಗೆ ಬರುವ ಪ್ರಾಣಿ ತನ್ನದನ್ನು ಎಲ್ಲಿ ಚೆಲ್ಲಬೇಕು? ವಿಜಯಪುರದ ಕಡೆಯ ನಮ್ಮ ಬಯಲಿನಲ್ಲಿ ಸಂಜೆ ಯಾರೇ ಬಂದರೂ ಮೊದಲು ಅವರ ನೆರಳು ಅಂಗಳಕ್ಕೆ ಬರುತ್ತದೆ, ಆಮೇಲೆ ಅವರು.

ಈ ಬೆಳಗೋಡಿನ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದು ತೋಟದಂಚಿನಲ್ಲಿ ಬಾಡಿಗೆ ಮನೆ ಹಿಡಿದಾಗ, ಮನೆಯೊಡತಿ ಲಲಿತಕ್ಕ ಮೊದಲು ಕೇಳಿದ್ದು ನನ್ನ ಫೋನ್ ನಂಬರು. ಊರಿನ ಆನೆ ಗ್ರೂಪಿಗೆ ಸೇರಿಸಿದರು. ‘ಸಲಗ ಕೆರೆ ಹತ್ರ ಐತೆ.’ ‘ಹಿಂಡು ಮೇಲಿನ ತೋಟಕ್ಕೆ ಹೋಯ್ತು.’ ಸಲಗ ಎಂದರೆ ಒಂಟಿ ಗಂಡಾನೆ. ಮೆಸೇಜು ಬಂದ ದಿನ ಬಾಗಿಲು ತೆರೆಯಲು ಹೆದರುತ್ತಿದ್ದೆ, ಬಾರದ ದಿನ ನಿರಾಳವಾಗಿ ಓಡಾಡುತ್ತಿದ್ದೆ.

ಅಂಥದೊಂದು ನಿರಾಳ ಮಧ್ಯಾಹ್ನ ಮಗಳು ಸುಮಾಳನ್ನು ಸ್ಕೂಲ್ ಬಸ್ಸಿನಿಂದ ಕರೆತರಲು ಕೊಡೆ ಹಿಡಿದು ತೋಟದ ದಾರಿಯಲ್ಲಿ ಹೊರಟೆ. ಮರುದಿನ ಪಾಠದಲ್ಲಿದ್ದ ಪದವೊಂದು ತಲೆಯಲ್ಲಿತ್ತು: ಅಡಂಬ್ರೇಟ್. ಬರಲಿರುವುದನ್ನು ಮುಂಚೆಯೇ ಮಸುಕಾಗಿ ಸೂಚಿಸುವುದು. ಬೇರು ಲ್ಯಾಟಿನ್ನಿನ ‘ಉಂಬ್ರಾ’, ಅಂದರೆ ನೆರಳು. ನೆರಳು ತುಂಬಿ ಆಕಾರ ಮೂಡಿಸುವ ಚಿತ್ರಕಾರರ ಮಾತು ಅದು. ಮುನ್ಸೂಚನೆಯ ಮಾತಾದದ್ದು ಆಮೇಲೆ. ಕೈಯಲ್ಲಿದ್ದ ಅಂಬ್ರೆಲಾ ಕೂಡ ಅದೇ ಬೇರಿನದು.

ಆಗ ಜೀರುಂಡೆಗಳು ಸುಮ್ಮನಾದವು ಎಂದು ಬರೆಯಲು ಕೈ ಹೋಗುತ್ತದೆ. ಸುಮ್ಮನಾದವೇ? ಗೊತ್ತಿಲ್ಲ. ಆನೆಯನ್ನು ಕಂಡ ಮೇಲೆ ನೆನಪು ಹಿಂದಕ್ಕೆ ಓಡಿ ದಾರಿಯುದ್ದಕ್ಕೂ ಸೂಚನೆಗಳನ್ನು ನೆಟ್ಟು ಬರುತ್ತದೆ. ನಿಜಕ್ಕೂ ಇದ್ದದ್ದು ಇಷ್ಟೇ: ಕಾಲ ಮುಂದೆ ಹಬೆಯಾಡುವ ಲದ್ದಿ. ಅದರಾಚೆ ರಸ್ತೆ. ಸುಮಾ ಇಳಿಯುವ ಹೊತ್ತು.

ಲಲಿತಕ್ಕನ ಫೋನ್ ಬಂತು. “ಎಲ್ಲಿದ್ದೀರಾ ಟೀಚರ್?”

“ದಾರ್ಯಾಗ,” ಪಿಸುಗುಟ್ಟಿದೆ. “ಲದ್ದಿ ಬಿದ್ದೈತ್ರಿ, ಬಿಸಿ ಐತಿ. ಸುಮಾ...”

“ಮುಂದಕ್ಕೆ ಹೆಜ್ಜೆ ಇಡಬ್ಯಾಡಿ. ಡ್ರೈವರ್ ಆನೆ ನೋಡ್ಬುಟ್ಟವ್ನೆ, ಮಕ್ಳನ್ನ ಇಳಿಸಿಲ್ಲ. ಮಗಿಗೇನೂ ಆಗಿಲ್ಲ. ನೀವು ಮೆತ್ತಗೆ ಹಿಂದಕ್ಕೆ ಬನ್ನಿ.”

“ಮೆಸೇಜೇ ಬಂದಿರ್ಲಿಲ್ಲಲ್ರಿ!”

“ಅಯ್ಯೋ ಮಾರಾಯ್ತಿ, ಬಂದ್ರೆ ಆನೆ ಅಲ್ಲೈತೆ ಅಂತ. ಬರ್ಲಿಲ್ಲ ಅಂದ್ರೆ ಎಲ್ಲಾದ್ರೂ ಐತೆ ಅಂತ. ನಾವು ಹೆದ್ರೋದೇ ಅವತ್ತು ಕಣ್ರೀ.”

ಗಿಡಗಳ ನಡುವೆ ಮೋಡದ ಬಣ್ಣದ ಬೆನ್ನೊಂದು ಸರಿಯಿತು. ಅಷ್ಟು ದೊಡ್ಡದು, ಒಂದು ಕಡ್ಡಿಯೂ ಮುರಿಯಲಿಲ್ಲ. ಅದಕ್ಕೆ ಬೆನ್ನು ತಿರುಗಿಸುವ ಧೈರ್ಯವಾಗದೆ, ಹಿಂದುಹಿಂದಕ್ಕೇ ನಡೆದು ಲಲಿತಕ್ಕನ ಜಗಲಿ ಮುಟ್ಟಿದೆ. ಆನೆ ದಾಟಿದ ಮೇಲೆ ಡ್ರೈವರ್ ಸುಮಾಳನ್ನು ತೋಟದವರ ಜೀಪಿನಲ್ಲಿ ಕಳಿಸಿದ. “ನಾನು ಆನೆ ನೋಡ್ಬುಟ್ಟೆ ಕಣಮ್ಮ!” ಎಂದು ಕುಣಿದಳು. ಅವಳ ಬಾಯಲ್ಲಿ ಈ ಊರು ಆಗಲೇ ಮನೆ ಮಾಡಿತ್ತು.

ಮರುದಿನ ತರಗತಿಯಲ್ಲಿ ಪದದ ಅರ್ಥ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು. “ಮೇಡಂ, ಮುಂಚೇನೇ ಗೊತ್ತಾಗೋದು ಕಥೇಲಿ. ನಮ್ಮೂರಲ್ಲಿ ಸೀದಾ ಬಂದ್ಬುಡುತ್ತೆ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ರಜೆಗೆ ಊರಿಗೆ ಹೋದೆ. ಸುಮಾ ಹೊಲದಲ್ಲಿ ಓಡುತ್ತಿದ್ದಳು, ಅವಳಿಗಿಂತ ಉದ್ದದ ನೆರಳು ಅವಳ ಮುಂದೆ. ಕಣ್ಣು ಹಾಯುವವರೆಗೂ ಬಯಲು. ಕೈ ತಾನಾಗಿ ಫೋನ್ ತೆಗೆಯಿತು. ಗ್ರೂಪಿನಲ್ಲಿ ಬೆಳಗಿನಿಂದ ಒಂದು ಮೆಸೇಜೂ ಇಲ್ಲ. ಹೊಸ್ತಿಲಲ್ಲೇ ನಿಂತುಬಿಟ್ಟೆ.

“ಯಾಕ ನಿಂತಿ? ಬಾರವ್ವ,” ಅವ್ವ ಅಂಗಳದಿಂದ ಕರೆದಳು. “ಬಯಲಾಗ ಏನೈತಿ ಅಂಜಾಕ?”

“ಏನೂ ಇಲ್ಲವ್ವ,” ಅಂದೆ.

ನಿಂತದ್ದೇ ಅದಕ್ಕೆ.