ಎರಡು ಕಿಸೆಯ ಅಂಗಿ

ಮೋರಟಗಿಯ ದರ್ಜಿ ಮಶಾಕಸಾಬ ಶಾಲೆಯ ಕೆಲವೇ ಹುಡುಗರ ಅಂಗಿಗೆ ಎದೆಯ ಎರಡೂ ಕಡೆ, ಒಳಗೆ ಅಸ್ತರು ಕೊಟ್ಟು, ಕಿಸೆ ಇಡುತ್ತಿದ್ದ. ಯಾಕೆಂದು ಹೇಳುತ್ತಿರಲಿಲ್ಲ. ಟೇಪು ಎದೆಗೆ ಬರುತ್ತಲೇ ಭುಜ ಬಾಗಿಸಿ ಉಸಿರು ಹಿಡಿಯುವ ಹದಿಮೂರು ಹದಿನಾಲ್ಕರ ಹುಡುಗರು ಅವರು. ಮುದುಕನ ಖಯಾಲಿ ಎಂದು ಊರು ಸುಮ್ಮನಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ದುರ್ಗವ್ವ ಬಂದು ಹಸಿರು ಖಣ ಇಟ್ಟಳು. "ಕುಪ್ಪಸ ಹೊಲೀರಿ, ಸಾಬ್ರ."

ಅಳತೆಗೆ ಹಳೆಯ ಕುಪ್ಪಸ ಕೊಡುವುದು ವಾಡಿಕೆ. ಆಕೆ ಚೀಲದಿಂದ ತೆಗೆದದ್ದು ಮೊಮ್ಮಗ ಗುರುನಾಥನ ಶಾಲೆಯ ಅಂಗಿ. ಮಶಾಕಸಾಬನೇ ಹೊಲಿದದ್ದು, ಎರಡು ಕಿಸೆಯದು.

"ಹುಡುಗನ ಎದಿ ಉಬ್ಬಾಕತ್ತೈತ್ರಿ. ಯಲ್ಲಮ್ಮ ಕೇಳಾಕತ್ತಾಳ. ಮೂರು ಸಲ ಕನಸಿನ್ಯಾಗ ಬಂದು ಅವನ ಹಾಸಿಗಿ ಕಡೆ ಕೈ ಮಾಡಿದ್ಲು. ಮಂಗಳವಾರ ಗುಡ್ಡಕ್ಕ ಒಯ್ದು ಸೀರಿ ಉಡಸ್ತೇನಿ. ತಡಾ ಮಾಡಿದ್ರ ಜೀವಾನ ಒಯ್ತಾಳ."

ಉಡಿಸಿದರೆ ಮುಗಿಯಿತು, ಹುಡುಗ ದೇವಿಗೆ ಬಿಟ್ಟ, ಬದುಕಿಡೀ ಸೀರೆ ಉಡುವ ಜೋಗಪ್ಪ. ಮತ್ತೆ ಆ ಮನೆಗೆ ಅವನು ಮೊಮ್ಮಗನಾಗಿ ಬರುವಂತಿಲ್ಲ.

ಆಕೆ ಹೋದ ಮೇಲೆ ಗೂಟಕ್ಕೆ ಹಾಕಿದ ಖಣ ಗಾಳಿಯಿಲ್ಲದೆ ಅಲುಗಿತು. ಮಶಾಕಸಾಬ ಅಂಗಿಯ ಒಳಮೈ ತಿರುವಿದ. ಎದೆಗೆ ಬಿಗಿದು ಕಟ್ಟಿದ ಬಟ್ಟೆಯ ಬೆವರಿನ ಗೆರೆ. ಐವತ್ತು ವರ್ಷದ ಹಿಂದೆ ಅವನ ಅಂಗಿಯಲ್ಲೂ ಇಂಥದೇ ಗೆರೆಯಿತ್ತು. ಶೈತಾನ ಮುಟ್ಟಿದೆಯೆಂದು ತಾಯಿ ದುಪಟ್ಟಾ ಹರಿದು ಎದೆ ಕಟ್ಟಿದ್ದಳು. ಎರಡು ವರ್ಷಕ್ಕೆ ಊತ ತಾನಾಗಿ ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಹೆಂಡತಿ ಸುಗ್ರಾಳ ಮುಂದೆಯೂ ಅವನು ಅಂಗಿ ತೆಗೆದವನಲ್ಲ.

ಸೋಮವಾರ ದುರ್ಗವ್ವನ ಮನೆಗೆ ಹೋಗಿ, ಯಾರಿಗೂ ಹೇಳದ್ದನ್ನು ಹೇಳಿದ. "ಯವ್ವಾ, ನನಗೂ ಹಿಂಗ ಆಗಿತ್ತು. ನನ್ನ ಯಾವ ದೇವ್ರೂ ಕರದಿರಲಿಲ್ಲ. ಮೊದಲ ದವಾಖಾನಿಗೆ ತೋರ್ಸು. ಆಮ್ಯಾಲ ಹೊಲೀತೇನಿ." ಅವನ ಅಂಗಿಗೂ ಎರಡು ಕಿಸೆ ಇರುವುದನ್ನು ನೋಡಿ ದುರ್ಗವ್ವ ಒಪ್ಪಿದಳು.

ಸಿಂದಗಿಯ ಡಾಕ್ಟರ್ ಸುನೀಲಕುಮಾರ ಗುರುನಾಥನ ಎದೆಯ ಗಂಟನ್ನು ಬೆರಳಲ್ಲಿ ಒತ್ತಿ ನೋಡಿದರು, ಪೂರ್ತಿ ತಪಾಸಣೆ ಮಾಡಿದರು, ಯಾವುದಾದರೂ ಗುಳಿಗೆ ನುಂಗುತ್ತಾನೆಯೇ ಎಂದು ಕೇಳಿದರು. "ಬೆಳಿಯೋ ವಯಸ್ಸಿನ್ಯಾಗ ಭಾಳ ಹುಡುಗರಿಗೆ ಬರ್ತೈತ್ರಿ. ವರ್ಷ ಎರಡು ವರ್ಷದಾಗ ಹೋಗ್ತೈತಿ. ಆರು ತಿಂಗಳಿಗೆ ಮತ್ತ ತೋರ್ಸ್ರಿ. ದೊಡ್ಡದಾದ್ರ, ಗಟ್ಟಿಯಾದ್ರ ಲಗೂನ ಬರ್ರಿ."

"ಮತ್ತ ಆ ಕನಸು?" ಎಂದಳು ದುರ್ಗವ್ವ. ಡಾಕ್ಟರ್ ಮುಂದಿನವರನ್ನು ಕರೆದರು.

ಖಣ ಇನ್ನೂ ಗೂಟದಲ್ಲಿದೆ. ಒಯ್ಯಲು ಆಕೆಗೆ ಧೈರ್ಯವಿಲ್ಲ, ತೆಗೆಯಲು ಇವನಿಗಿಲ್ಲ. ಅದಕ್ಕೆ ಬೆನ್ನು ಮಾಡಲಾರದೆ ಮಿಷನ್ನನ್ನೇ ತಿರುಗಿಸಿ ಇಟ್ಟುಕೊಂಡಿದ್ದಾನೆ.

ಮರುವರ್ಷ ಶಾಲೆ ಶುರುವಾಗುವಾಗ ಗುರುನಾಥ ಬಂದು ನೆಟ್ಟಗೆ ನಿಂತ. "ಒಂದ ಕಿಸೆ ಸಾಕ್ರಿ, ಕಾಕಾ."

ಮಶಾಕಸಾಬ ಟೇಪು ಕೈಗೆತ್ತಿಕೊಂಡ. ತನ್ನ ಅಂಗಿಯ ಎರಡೂ ಕಿಸೆಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡ.