ನೀಲಿ ಸೀಮೆಸುಣ್ಣದ ಗೆರೆ

ಮೊನ್ನೆ ತುಮಕೂರಿನ ಅಂಗಡಿಯೊಂದರಲ್ಲಿ ಟೈಲರೊಬ್ಬ ಬಟ್ಟೆಯ ಮೇಲೆ ನೀಲಿ ಸೀಮೆಸುಣ್ಣದಿಂದ ದುಂಡಗೆ ಗೆರೆ ಎಳೆದ. ಅಂಥದೇ ಗೆರೆಯನ್ನು ನಾನು ನನ್ನ ಮಗಳ ತೊಡೆಯ ಮೇಲೆ ನೋಡಿದ್ದೆ…

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಗುಬ್ಬಿಯ ನಮ್ಮ ವಠಾರದ ಜಗಲಿಯಲ್ಲಿ ಅವತ್ತು ನಾನಿದ್ದೆ, ಅತ್ತೆ ಇದ್ದರು, ನನ್ನ ತೊಡೆಯ ಮೇಲೆ ಎರಡು ವರ್ಷದ ಮಗಳು. ಅವಳ ಕಾಲಿನ ಕುರು ಮೂರೇ ದಿನದಲ್ಲಿ ಕಡಲೆಕಾಳಿನಿಂದ ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು. ಸುತ್ತ ಕೆಂಪು, ಮುಟ್ಟಿದರೆ ಕೆಂಡ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಆಪಾ ಎದ್ದು ಬಂದವರೇ ಕೆಂಪಿನ ಅಂಚಿಗೆ ಸರಿಯಾಗಿ ಸೀಮೆಸುಣ್ಣ ಎಳೆದರು.

“ಏನ್ ಆಪಾ, ನನ್ ಮೊಮ್ಮಗೀಗೆ ಲಂಗದ ಅಳತೆ ತಗೀತಿದೀಯಾ?” ಅತ್ತೆ ನಕ್ಕರು.

“ಸಂಜೆ ಒಳಗೆ ಇದು ಗೆರೆ ದಾಟಿದ್ರೆ ಇಲ್ಲಿ ಕೂರ್ಬೇಡಿ ಅಮ್ಮ. ತುಮಕೂರಿಗೆ ಓಡಿ.”

ಸಂಜೆಗೆ ಕೆಂಪು ಎರಡು ಬೆರಳಷ್ಟು ಆಚೆ ಹರಿದಿತ್ತು. ಮಗು ಅಳುವುದನ್ನೂ ಬಿಟ್ಟಿತ್ತು. ಅಳದ ಮಗುವನ್ನು ಎತ್ತಿಕೊಂಡಾಗ ಆಗುವ ಭಯ ಯಾವ ತಾಯಿಗೂ ಬೇಡ… ಬಸ್ಸಿನಲ್ಲಿ ತುಮಕೂರು ಬರುವವರೆಗೂ ಆಪಾ ಅವಳ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತಿದ್ದರು.

ಆಸ್ಪತ್ರೆಯಲ್ಲಿ ಎರಡು ದಿನ ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಯಾವ ಕ್ರಿಮಿಯೆಂದು ನೋಡಲು ಕೀವನ್ನು ಕಲ್ಚರ್‌ಗೆ ಕಳಿಸಬೇಕು ಎಂದರು ಡಾಕ್ಟರು. “ನಮ್ ಕಲ್ಚರ್‌ಗೇನಾಗಿದೆ ಡಾಕ್ಟ್ರೇ? ದಿನಾ ಮಡೀಲಿ ದೀಪ ಹಚ್ಚೋ ಜನ ನಾವು!” ಅಂದರು ಅತ್ತೆ. ಯಾರಿಗೂ ನಗು ಬರಲಿಲ್ಲ. ರಿಪೋರ್ಟು ಬಂತು. ಮಾಮೂಲಿ ಆಂಟಿಬಯೋಟಿಕ್‌ಗಳಿಗೆ ಜಗ್ಗದ ಕ್ರಿಮಿಯಂತೆ. “ಬೇರೆ ಔಷಧಿ ಶುರು ಮಾಡ್ತೀವಿ, ನೋಡೋಣ” ಎಂದರು. ಆ ‘ನೋಡೋಣ’ ಕೇಳಿ ಮಗಳನ್ನು ಇನ್ನಷ್ಟು ಅವುಚಿಕೊಂಡೆ.

ಅತ್ತೆ ಆಚೆ ಹೋದಾಗ ಡಾಕ್ಟರು, ಮನೆಯಲ್ಲಿ ಇನ್ಯಾರಿಗಾದರೂ ಕುರು ಆಗಿತ್ತೇ ಎಂದು ಕೇಳಿದರು. ಆಗಿತ್ತು, ನನಗೇ, ತಿಂಗಳ ಹಿಂದೆ. ಎರಡು ದಿನ ಮಾತ್ರೆ ನುಂಗಿ, ವಾಸಿಯಾಯಿತೆಂದು ಉಳಿದದ್ದನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ಮಗಳಿಗೆ ಕುರು ಎದ್ದಾಗ ಅದನ್ನೇ ಅರ್ಧ ಮಾಡಿ, ಜೇನಿನಲ್ಲಿ ಅರೆದು ನೆಕ್ಕಿಸಿದ್ದೆ. ಅವರಿಗೆ ಹೇಳಿದೆ. “ನಿಮ್ಮಿಂದ್ಲೇ ಹತ್ತಿರಬಹುದು ಅಮ್ಮ. ಆ ಅರ್ಧ ಮಾತ್ರೇಲಿ ಮೂರು ದಿನ ಕಳೆದ್ಬಿಟ್ರಿ” ಎಂದರು.

ಐದನೇ ದಿನ ಮಗಳ ಹಣೆ ಬೆವರಿತು, ನೀರು ಕೇಳಿದಳು. ಬದುಕಿಕೊಂಡಳು.

ಊರಿಗೆ ಬಂದ ಮೇಲೆ ಅತ್ತೆ ನಲ್ಲಿಯ ಹತ್ತಿರ ಹೇಳಿಕೊಂಡು ತಿರುಗಿದರು: “ಆಪಾ ಮನೆ ಚಿಂದಿ ಬಟ್ಟೇಲಿ ಆಡೀ ಆಡೀ ಹತ್ತಿಸ್ಕೊಂಡ್ಲು ಕಣೇ.” ನಾನು ಬಿಂದಿಗೆ ಹಿಡಿದು ಅಲ್ಲೇ ನಿಂತಿದ್ದೆ. ಮಗಳನ್ನು ನಾನೇ ಸಾವಿನ ಬಾಯಿಗೆ ನೂಕಿದ್ದೆ ಎಂದು ಗೊತ್ತಾದರೆ… ಬಾಯಿ ಬಿಡಲಿಲ್ಲ. ವಠಾರದವರು ಮಕ್ಕಳ ಬಟ್ಟೆಯನ್ನು ಬೇರೆ ಕಡೆ ಹೊಲಿಸತೊಡಗಿದರು. ಆಮೇಲೆ ದೊಡ್ಡವರದ್ದನ್ನೂ. ಒಂದು ದಿನ ಆಪಾ ಮೆಷಿನ್ನನ್ನು ಲಗೇಜ್ ಆಟೋಗೆ ಹಾಕಿಸಿ ಕುಣಿಗಲ್‌ಗೆ, ತಮ್ಮನ ಮನೆಗೆ ಹೊರಟುಹೋದರು. ಹೋಗುವಾಗ ಮಗಳ ಕೆನ್ನೆ ಸವರಿದರು. ನನ್ನನ್ನು ಏನೂ ಕೇಳಲಿಲ್ಲ.

ಅಂಗಡಿಯಲ್ಲಿ ಆ ಗೆರೆ ಕಂಡ ಮರುದಿನವೇ ಕುಣಿಗಲ್ ಬಸ್ಸು ಹತ್ತಿದೆ. ಆಪಾ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ತಮ್ಮನ ಮುಂದೆಯೇ ಎಲ್ಲವನ್ನೂ ಹೇಳಿದೆ.

“ಅಕ್ಕಂಗೆ ಗೊತ್ತಿತ್ತು ಬುಡಮ್ಮ” ಅಂದರು. “ನಿಮ್ಗೆ ಕಂಕುಳಲ್ಲಿ ಕುರು ಆದಾಗ ತೋಳು ಬಿಗಿ ಅಂತಷ್ಟೇ ಹೇಳಿ ನೀವು ಕೊಟ್ಟ ಜಂಪರನ್ನ ಸಡ್ಲ ಮಾಡ್ಕೊಟ್ಟಿದ್ದೇ ಅವ್ಳಂತೆ.”